ಆಪರೇಷನ್ ಆಯ್ತು, ಮಾತು ಇನ್ನೂ ಮೂಗಿನಲ್ಲೇ!

ಪ್ರಶ್ನೆ: ನನ್ನ ಮಗನಿಗೆ 5 ವರ್ಷ. ಹುಟ್ಟುವಾಗಲೇ ಅಂಗುಳ ಸೀಳಿತ್ತು, ವರ್ಷ ತುಂಬಿದ ಮೇಲೆ ಆಪರೇಷನ್ ಮಾಡಿಸಿದೆವು. ಈಗ ಹಾಲು ಮೂಗಿಗೆ ಬರುವುದಿಲ್ಲ, ಆದರೆ ಮಾತು ಮೂಗಿನಲ್ಲೇ. 'ಪಾಪು' ಅಂದರೆ 'ಮಾಮು' ಅಂತ ಕೇಳುತ್ತದೆ. 'ಕಾಗೆ' ಅನ್ನುವಾಗ 'ಕ'ನೇ ಇಲ್ಲ. ಅತ್ತೆ ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತಾರೆ, ನಾದಿನಿ ಬಲೂನ್ ಊದಿಸು ಅನ್ನುತ್ತಾಳೆ. ಡಾಕ್ಟರು ಮಾತಿನ ಪರೀಕ್ಷೆ ಮಾಡಿಸಿ ಅಂದಿದ್ದಾರೆ. ಮತ್ತೆ ಆಪರೇಷನ್ ಬೇಕಾಗುತ್ತಾ?
— ಅರಸೀಕೆರೆಯ ಓದುಗರು

ಉತ್ತರ: ಬೇಕೋ ಬೇಡವೋ ಅನ್ನುವುದನ್ನು ಹೇಳುವುದೇ ಆ ಪರೀಕ್ಷೆ, ಅದಕ್ಕೆ ಮೊದಲು ಯಾರು ಏನು ಹೇಳಿದರೂ ಊಹೆ ಅಷ್ಟೇ. ಬಜೆ ಬಿಡಿ, ಪಾಪ ನಾಲಿಗೆಯ ತಪ್ಪೇನೂ ಇಲ್ಲ. ಬಲೂನೂ ಬೇಡ. ಊದುವಾಗ ಅಂಗುಳ ಮಾಡುವ ಕೆಲಸವೇ ಬೇರೆ, ಮಾತಾಡುವಾಗ ಮಾಡುವುದೇ ಬೇರೆ.

ನಿಮ್ಮ ಪತ್ರದಲ್ಲೇ ಎರಡು ಬೇರೆ ಬೇರೆ ತೊಂದರೆ ಇವೆ, ಗಮನಿಸಿದಿರಾ? 'ಪ' ಹೇಳಲು ಬಾಯಲ್ಲಿ ಗಾಳಿ ಕಟ್ಟಿ ನಿಲ್ಲಬೇಕು. ಅಂಗುಳದ ಹಿಂದಿನ ಮೆತ್ತನೆ ಭಾಗ ಮೇಲೆದ್ದು ಮೂಗಿನ ದಾರಿ ಮುಚ್ಚಿದರೆ ಮಾತ್ರ ಅದು ಆಗುತ್ತದೆ. ಅದು ಗಿಡ್ಡವಾಗಿದ್ದರೆ ಅಥವಾ ಸರಿಯಾಗಿ ಏಳದಿದ್ದರೆ ಗಾಳಿ ಮೂಗಿಗೆ ಸೋರುತ್ತದೆ, 'ಪ' ಹೋಗಿ 'ಮ' ಆಗುತ್ತದೆ. ಇದು ದಾರಿಯೇ ಮುಚ್ಚದ ಸಮಸ್ಯೆಯಾದರೆ ಎಷ್ಟು ತಿಂಗಳು ಸ್ಪೀಚ್ ಥೆರಪಿ ಮಾಡಿಸಿದರೂ ಹೋಗಲ್ಲ, ಮತ್ತೊಂದು ಆಪರೇಷನ್ ಬೇಕಾಗಬಹುದು. 'ಕ' ಕಾಣೆಯಾಗುವುದು ಬೇರೆ ಕಥೆ. ಸೀಳಿದ್ದ ಕಾಲದಲ್ಲಿ ಬಾಯಲ್ಲಿ ಗಾಳಿ ನಿಲ್ಲದೆ ಮಗು ಗಂಟಲಲ್ಲೇ ಅದನ್ನು ತಡೆದು ಹೇಳಲು ಕಲಿತಿರುತ್ತದೆ. ಅದು ಅಭ್ಯಾಸ. ಚಾಕು ಹಾಕಿದರೆ ಅಭ್ಯಾಸ ಹೋಗುತ್ತಾ? ಅದಕ್ಕೆ ಥೆರಪಿಯೇ ಬೇಕು.

ಹಾಗಾಗಿ ಪರೀಕ್ಷೆಯಲ್ಲಿ ಮೊದಲು ಕಿವಿಯಿಂದ ಕೇಳುತ್ತಾರೆ. 'ಕಾಗೆ ಕಾಲು ಕಪ್ಪು' ಥರದ, 'ಮ' 'ನ' ಇಲ್ಲದ ಮಾತು ಹೇಳಿಸುತ್ತಾರೆ. ಮೂಗಿನ ಕೆಳಗೆ ಪುಟ್ಟ ಕನ್ನಡಿ ಹಿಡಿಯುತ್ತಾರೆ. 'ಮಾ' ಅಂದರೆ ಕನ್ನಡಿ ಮಂಜಾಗುವುದು ಎಲ್ಲರಿಗೂ ಸಹಜ, 'ಪಾ' ಅಂದಾಗಲೂ ಮಂಜಾದರೆ ಗಾಳಿ ಸೋರುತ್ತಿದೆ ಅಂತ. ಬಾಯಿ ತೆರೆಸಿ ಹೊಲಿಗೆಯ ಜಾಗದಲ್ಲಿ ತೂತು ಉಳಿದಿದೆಯಾ ಅಂತಲೂ ನೋಡುತ್ತಾರೆ. ನೇಸೋಮೀಟರ್ ಅಂತ ಒಂದಿದೆ. ಮೂಗು ಬಾಯಿ ನಡುವೆ ತಟ್ಟೆ, ಮೇಲೊಂದು ಕೆಳಗೊಂದು ಮೈಕ್. ಒಟ್ಟು ದನಿಯಲ್ಲಿ ಮೂಗಿನದು ಎಷ್ಟು ಪರ್ಸೆಂಟ್ ಅಂತ ತೋರಿಸುತ್ತದೆ. ಅನುಮಾನ ಉಳಿದರೆ ಮೂಗಿನೊಳಗೆ ಕ್ಯಾಮೆರಾ ಇರುವ ತೆಳು ನಳಿಕೆ ಬಿಟ್ಟು, ಮಗು ಮಾತಾಡುತ್ತಿರುವಾಗಲೇ ಅಂಗುಳ ಏಳುತ್ತದಾ ಅಂತ ನೋಡುತ್ತಾರೆ. ನೋವು ಜಾಸ್ತಿ ಇರಲ್ಲ, ಆದರೆ ಕಿರಿಕಿರಿ, ಡಾಕ್ಟರು ಹೇಳಿದ ಹಾಗೆ ಮಗು ಕೇಳಬೇಕು. ಅದಕ್ಕೇ ಪುಟ್ಟ ಮಕ್ಕಳಿಗೆ ಕಷ್ಟ, ನಿಮ್ಮ ಮಗನ ವಯಸ್ಸಿಗೆ ಪುಸಲಾಯಿಸಿದರೆ ಆಗುತ್ತದೆ.

ಕಿವಿ ಪರೀಕ್ಷೆ ಬಿಡಲೇಬೇಡಿ. ಅಂಗುಳ ಸೀಳಿದ ಮಕ್ಕಳಿಗೆ ಕಿವಿಯೊಳಗೆ ನೀರು ತುಂಬುವುದು ಸಾಮಾನ್ಯ. ಸರಿಯಾಗಿ ಕೇಳದಿದ್ದರೆ ತಿದ್ದಿಕೊಳ್ಳುವುದು ಹೇಗೆ?

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ಪರೀಕ್ಷೆ ಮಾಡುತ್ತಾರೆ. ಸರ್ಕಾರದ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲೂ 18 ವರ್ಷದವರೆಗೆ ಸೀಳು ತುಟಿ, ಸೀಳು ಅಂಗುಳಕ್ಕೆ ಜಾಗ ಇದೆ, ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಹೋಗುವಾಗ ಹಳೆಯ ಆಪರೇಷನ್ನಿನ ಡಿಸ್ಚಾರ್ಜ್ ಚೀಟಿ ಇರಲಿ, ಮನೆಯಲ್ಲಿ ಆಟವಾಡುತ್ತಾ ಮಾತಾಡಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಹೊಸಬರ ಮುಂದೆ ಮಕ್ಕಳು ಬಾಯೇ ಬಿಡಲ್ಲ, ಅಲ್ವಾ?