ಓದುಗರ ಪ್ರಶ್ನೆ: ಹುಲ್ಲಿನ ಮೈದಾನದ ಓಟಗಾರ

ಪ್ರಶ್ನೆ: ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗಳು ಉಪಜಿಲ್ಲಾ ಕ್ರೀಡಾಕೂಟದ 800 ಮೀಟರ್ ಓಟದಲ್ಲಿ ಮೂರನೆಯವಳಾದಳು. ಅವಳ ಶಾಲೆಯಲ್ಲಿರುವುದು ಪದವಿನ ಮೇಲಿನ ಹುಲ್ಲು ಮೈದಾನ. ಸಿಂಥೆಟಿಕ್ ಟ್ರ್ಯಾಕ್ ಇಲ್ಲದೆ ಈ ಓಟದಲ್ಲಿ ಮುಂದೆ ಬರಲಾಗದು ಎನ್ನುತ್ತಾರೆ. ಹೌದೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಇಂದಿನ ದೊಡ್ಡ ಕೂಟಗಳಲ್ಲಿ ಸ್ಪರ್ಧಿಸುವವರಿಗೆ ಸಿಂಥೆಟಿಕ್ ಟ್ರ್ಯಾಕಿನ ಅಭ್ಯಾಸ ಬೇಕೇ ಬೇಕು, ಆದರೆ ಓಟಗಾರ್ತಿ ರೂಪುಗೊಳ್ಳುವುದು ಅಲ್ಲಿಯೇ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನ್ಯೂಜಿಲೆಂಡಿನ ಪೀಟರ್ ಸ್ನೆಲ್ 1962ರ ಜನವರಿಯಲ್ಲಿ ವಾಂಗನೂಯಿ ಪಟ್ಟಣದಲ್ಲಿ ಒಂದು ಮೈಲು ದೂರವನ್ನು 3 ನಿಮಿಷ 54.4 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದ್ದು ಹುಲ್ಲಿನ ಮೇಲೆ. ಒಂದು ವಾರದ ಬಳಿಕ ಕ್ರೈಸ್ಟ್‌ಚರ್ಚ್‌ನಲ್ಲಿ, ಅದೂ ಹುಲ್ಲಿನ ಮೇಲೆಯೇ, 800 ಮೀಟರನ್ನು 1 ನಿಮಿಷ 44.3 ಸೆಕೆಂಡಿನಲ್ಲಿ ಮುಗಿಸಿದರು. ಈ ಎರಡನೆಯ ದಾಖಲೆಯನ್ನು ಸರಿಗಟ್ಟಿದವರಿದ್ದರೂ ಮುರಿಯಲು 1973ರವರೆಗೆ ಯಾರಿಗೂ ಆಗಲಿಲ್ಲ.

ಹದಿಹರೆಯದಲ್ಲಿ ಸ್ನೆಲ್‌ಗೆ ಟೆನಿಸ್ ಮೇಲೆ ಹೆಚ್ಚು ಒಲವಿತ್ತು. ಓಟಕ್ಕೆ ಪೂರ್ತಿಯಾಗಿ ತೊಡಗಿದ್ದು 19ರ ಸುಮಾರಿಗೆ. (ನಿಮ್ಮ ಮಗಳು ಬೇರೆ ಆಟವಾಡುತ್ತಿದ್ದರೆ ಈಗಲೇ ಬಿಡಿಸಬೇಡಿ.) ತರಬೇತುದಾರ ಆರ್ಥರ್ ಲಿಡಿಯಾರ್ಡ್ ಪಾದರಕ್ಷೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು, ತಮ್ಮ ಕ್ರಮವನ್ನು ಮೊದಲು ತಮ್ಮ ಮೈಮೇಲೆಯೇ ಪರೀಕ್ಷಿಸಿ ನೋಡಿದವರು. ಎರಡು ಸುತ್ತಿನ ಓಟಗಾರನಿಗೂ ಅವರು ವಾರಕ್ಕೆ 100 ಮೈಲಿನ ಗುರಿಯಿಟ್ಟರು. ಅದರಲ್ಲಿ ವೈಟಾರುವಾ ಗುಡ್ಡಗಳ 22 ಮೈಲಿನ ದಾರಿಯೂ ಸೇರಿತ್ತು. ಮೊದಲು ದಮ್ಮು, ಅನಂತರ ಏರು, ಕೊನೆಗೆ ಟ್ರ್ಯಾಕಿನ ವೇಗ, ಇದು ಅವರ ಅನುಕ್ರಮ.

ಇದರ ಫಲ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಕಂಡಿತು. ಮೂರು ದಿನಗಳಲ್ಲಿ ನಾಲ್ಕು ಬಾರಿ 800 ಮೀಟರ್ ಓಡಬೇಕಿತ್ತು. ಫೈನಲ್‌ನ ಕೊನೆಯ ಗಳಿಗೆಯಲ್ಲಿ, ವಿಶ್ವದಾಖಲೆ ಹೊಂದಿದ್ದ ಬೆಲ್ಜಿಯಂನ ರೋಜರ್ ಮೋನ್ಸ್ ಹೊರಮಗ್ಗುಲಿಗೆ ತಿರುಗಿ ನೋಡುತ್ತಿದ್ದಾಗ ಸ್ನೆಲ್ ಒಳಮಗ್ಗುಲಿನಿಂದ ದಾಟಿ ಗೆದ್ದರು. ಹಿಂತಿರುಗಿ ನೋಡಬಾರದೆಂದು ಡ್ರಿಲ್ ಮಾಸ್ತರರು ಗದರುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. 1928ರ ಬಳಿಕ ಕೈಬಿಟ್ಟಿದ್ದ ಮಹಿಳೆಯರ 800 ಮೀಟರ್ ಓಟ ಒಲಿಂಪಿಕ್ಸ್‌ಗೆ ಮರಳಿದ್ದೂ ಅದೇ ರೋಮ್‌ನಲ್ಲಿ. ಇದನ್ನು ಮಗಳಿಗೆ ತಿಳಿಸಿ. 1964ರ ಟೋಕಿಯೋದಲ್ಲಿ ಸ್ನೆಲ್ ಎಂಟು ದಿನಗಳಲ್ಲಿ ಆರು ಬಾರಿ ಓಡಿ 800 ಮತ್ತು 1500 ಮೀಟರ್ ಎರಡರಲ್ಲೂ ಚಿನ್ನ ಪಡೆದರು. ಸಿಂಥೆಟಿಕ್ ಟ್ರ್ಯಾಕ್ ಒಲಿಂಪಿಕ್ಸ್‌ಗೆ ಬಂದದ್ದು ಆಮೇಲೆ, 1968ರಲ್ಲಿ.

ಆದ್ದರಿಂದ ಪದವಿನ ಹುಲ್ಲು, ಏರುದಾರಿ, ತೋಟದ ನಡುವಿನ ಮಣ್ಣಿನ ಹಾದಿ ಯಾವುದೂ ಕೊರತೆಯಲ್ಲ. ಮಳೆಗಾಲದಲ್ಲಿ ಪಾಚಿಗಟ್ಟಿದ ಮುರಕಲ್ಲಿನ ಮೇಲೆ ಮಾತ್ರ ಓಡಿಸಬೇಡಿ. 100 ಮೈಲಿನ ಲೆಕ್ಕ ಬೆಳೆದ ಗಂಡಸಿನದು. ನಿಮ್ಮ ಮಗಳಿಗೆ ವಾರದಲ್ಲಿ ಮೂರು ನಾಲ್ಕು ದಿನ, ಮಾತನಾಡುತ್ತಾ ಓಡಬಹುದಾದಷ್ಟು ನಿಧಾನದ ಓಟ ಸಾಕು. ಸಿಂಥೆಟಿಕ್ ಟ್ರ್ಯಾಕಿನ ಪರಿಚಯ ಜಿಲ್ಲಾ ಕೂಟಕ್ಕೆ ಮೊದಲು ಕೆಲವು ದಿನ ಆದರೆ ಒಳ್ಳೆಯದು.

ಪ್ರಶ್ನೆ: ಓಟ ನಿಲ್ಲಿಸಿದ ಮೇಲೆ ಸ್ನೆಲ್ ಏನು ಮಾಡಿದರು?
– ವಿದ್ಯಾರ್ಥಿ, ಮಂಜೇಶ್ವರ

ಉತ್ತರ: 1965ರಲ್ಲಿ, 26ನೆಯ ವಯಸ್ಸಿಗೇ, ಸ್ಪರ್ಧೆ ಬಿಟ್ಟರು. ಮುಂದೆ ಅಮೆರಿಕಕ್ಕೆ ಹೋಗಿ ವ್ಯಾಯಾಮದ ಶರೀರಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಡಲ್ಲಾಸ್‌ನಲ್ಲಿ ಸಂಶೋಧಕರಾಗಿ ನೆಲೆಸಿದರು. 2019ರ ಡಿಸೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡರು. ದೀರ್ಘ ಓಟದಲ್ಲಿ ನಿಧಾನ ಸ್ನಾಯುತಂತುಗಳ ಇಂಧನ ಬರಿದಾದಾಗ ವೇಗದ ತಂತುಗಳೂ ಕೆಲಸಕ್ಕೆ ಇಳಿಯುತ್ತವೆ, ಹಾಗಾಗಿ ಅವಕ್ಕೂ ಸಹನಶಕ್ತಿ ಬರುತ್ತದೆ ಎಂಬುದು ಲಿಡಿಯಾರ್ಡರ ಕ್ರಮಕ್ಕೆ ಅವರು ಕೊಟ್ಟ ವಿವರಣೆ. ಗುರು ಅನುಭವದಿಂದ ಕಂಡುಕೊಂಡದ್ದಕ್ಕೆ ಶಿಷ್ಯ ಪ್ರಯೋಗಶಾಲೆಯಲ್ಲಿ ಕಾರಣ ಹುಡುಕಿದ್ದು ನನಗೆ ಅವರ ಮೂರು ಚಿನ್ನದ ಪದಕಗಳಷ್ಟೇ ಇಷ್ಟ.