ನಿಂತ ಕಾರಿನ ಬ್ಯಾಟರಿ

ಪ್ರಶ್ನೆ: ಆಫೀಸಿಗೆ ಲೋಕಲ್ ಟ್ರೇನಿನಲ್ಲೇ ಓಡಾಟ. ಕಾರು ಹೊರಗೆ ಬರುವುದು ತಿಂಗಳಿಗೊಮ್ಮೆ. ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೂ ಬ್ಯಾಟರಿ ಕೂತುಬಿಡುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಮುಲುಂಡ್, ಮುಂಬೈ

ಉತ್ತರ: ಮೊದಲು ಆ ಐದು ನಿಮಿಷದ ಸ್ಟಾರ್ಟ್ ನಿಲ್ಲಿಸಿ. ಇಂಜಿನ್ ತಿರುಗಿಸಲು ಖರ್ಚಾದ ಕರೆಂಟು ಅಷ್ಟರಲ್ಲಿ ಪೂರ್ತಿ ವಾಪಸ್ ಬರುವುದು ಕಷ್ಟ. ಎಸಿ ಹಾಕಿದರೆ ಇನ್ನೂ ಕಷ್ಟ. ಅದರ ಬದಲು ಭಾನುವಾರ ಬೆಳಿಗ್ಗೆ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಹಿಡಿದು ಮಾಟುಂಗಾಕ್ಕೆ ಹೋಗಿ, ಇಡ್ಲಿ ತಿಂದು ಬನ್ನಿ. ವಾರಕ್ಕೆ ಅಷ್ಟು ಓಡಿದರೆ ಬ್ಯಾಟರಿಗೆ ಜೀವ ಬರುತ್ತದೆ.

ಬೇಸಿಗೆ ರಜೆಗೆ ಧಾರವಾಡಕ್ಕೆ ಹೋದಾಗ ನಾನು ಡ್ಯಾಶ್‌ಕ್ಯಾಮ್ (ರಸ್ತೆಯ ದೃಶ್ಯ ಸೆರೆಹಿಡಿಯುವ ಕಾರಿನ ಕ್ಯಾಮೆರಾ) ಪ್ಲಗ್ ಕೀಳುವುದು ಮರೆತಿದ್ದೆ. ತಿಂಗಳಾದ ಮೇಲೆ ಬಂದು ಕೀಲಿ ತಿರುಗಿಸಿದರೆ ಬರೀ ಕಟಕಟ ಸದ್ದು. ಮೀಟರಿನ ದೀಪ ಮಿಣುಕಿ ಆರಿತು. ತುಂಬಾ ಬೇಜಾರಾಯಿತು. ಈಗ ಊರಿಗೆ ಹೊರಡುವ ಮುಂಚೆ 10ನೇ ನಂಬರ್ ಸ್ಪ್ಯಾನರ್‌ನಿಂದ ಬ್ಯಾಟರಿಯ ಮೈನಸ್ ವೈರ್ ಬಿಚ್ಚಿಟ್ಟೇ ಹೋಗುತ್ತೇನೆ. ಗಡಿಯಾರದ ಟೈಮ್ ಮತ್ತೆ ಸೆಟ್ ಮಾಡಬೇಕಾಗುತ್ತದೆ, ಅಷ್ಟೇ ಅಲ್ವಾ?

ಬ್ಯಾಟರಿಯ ವೋಲ್ಟ್ ಅಳೆಯಲು ಒಂದು ಮಲ್ಟಿಮೀಟರ್ ಇಟ್ಟುಕೊಳ್ಳಿ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ತೋರಿಸಿದರೆ ಚಾರ್ಜ್ ತುಂಬಿದೆ. 12.2ಕ್ಕೆ ಇಳಿದರೆ ಹೆಚ್ಚುಕಡಿಮೆ ಅರ್ಧ ಖಾಲಿ, ಕೂಡಲೇ ಚಾರ್ಜ್ ಮಾಡಿಸಿ. ಹಾಗೇ ಬಿಟ್ಟರೆ ಒಳಗಿನ ಪ್ಲೇಟುಗಳು ಹಾಳಾಗುತ್ತವೆ. ಪಾರ್ಕಿಂಗ್‌ನಲ್ಲಿ ಪ್ಲಗ್ ಪಾಯಿಂಟ್ ಇದ್ದರೆ, ತುಂಬಿದಾಗ ತಾನೇ ಕರೆಂಟು ಇಳಿಸುವ ಟ್ರಿಕಲ್ ಚಾರ್ಜರ್ ಕೊಳ್ಳಿ.