ಮಗನ ಒಂದು ಬೀಜ ಇಳಿದಿಲ್ಲ, ಐದು ವರ್ಷ ಕಾಯಬೇಕಾ?

ಹಾವೇರಿಯಿಂದ ನೀವು ಕೇಳಿದ್ದೀರಿ: ನಿಮ್ಮ 10 ತಿಂಗಳ ಮಗನ ಒಂದು ಬೀಜ (ವೃಷಣ) ಚೀಲಕ್ಕೆ ಇಳಿಯದೆ ಬಹುಶಃ ತೊಡೆಸಂದಿನಲ್ಲೇ ನಿಂತುಬಿಟ್ಟಿದೆ. 6 ತಿಂಗಳಾದ ಮೇಲೆ ಅದು ತಾನಾಗಿ ಇಳಿಯುವುದು ಅಪರೂಪ. ‘ಐದು ವರ್ಷ ಆಗಲಿ’ ಅನ್ನುವ ಹಿರಿಯರ ಮಾತು ಇಲ್ಲಿ ಬೇಡ.

ಮೊದಲು ಬಿಸಿನೀರಿನ ಸ್ನಾನದ ನಂತರ ಮೆತ್ತಗೆ ಮುಟ್ಟಿ ನೋಡಿ. ಬೀಜ ಚೀಲಕ್ಕೆ ಇಳಿದು ಅಲ್ಲೇ ಉಳಿದರೆ ಆಪರೇಷನ್ ಬೇಡವಾಗಬಹುದು, ಆದರೆ ಅದನ್ನು ಡಾಕ್ಟರೇ ಹೇಳಬೇಕು. ಆಮೇಲೆ ಹಾವೇರಿಯಿಂದ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್‌ಗೆ (ಈಗಿನ ಹೆಸರು ಕೆಎಂಸಿಆರ್‌ಐ) ಹೋಗಿ. ಮಕ್ಕಳ ಸರ್ಜನ್ ಯಾವ ದಿನ ಸಿಗುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ. ಸುಮ್ನೆ ಸ್ಕ್ಯಾನಿಂಗ್‌ಗೆ ದುಡ್ಡು ಹಾಕಬೇಡಿ. ಸರ್ಜನ್ ಮುಟ್ಟಿ ನೋಡುವುದೇ ಜಾಸ್ತಿ ಉಪಯೋಗ. ನನ್ನ ಮಗನಿಗೂ ಅಷ್ಟೇ ಆಗಿದ್ದು. ಆಪರೇಷನ್ ಬೇಕಾದರೆ ಮಗುವಿಗೆ ಒಂದೂವರೆ ವರ್ಷ ತುಂಬುವುದರೊಳಗೆ ಮುಗಿಸಿ. ಅಷ್ಟರಲ್ಲಿ ತೊಡೆಸಂದು ಊದಿ, ವಾಂತಿಯಾಗಿ, ಮಗು ಅಳು ನಿಲ್ಲಿಸದಿದ್ದರೆ ತಕ್ಷಣ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.